ಬಿಸಿನೀರಿನ ಸಾತವ್ವ ಮತ್ತು ಬಿರುಕನಾಥ

ತುಂಬಾ ತುಂಬಾ ಹಿಂದೆ, ಬೆಳ್ಮಂಜು ಎಂಬ ಚಳಿರಾಜ್ಯದಲ್ಲಿ ಸಾತವ್ವ ಎಂಬುವಳಿದ್ದಳು. ಬಾಣಂತಿಯರಿಗೆ ನೀರು ಹಾಕುವುದು ಅವಳ ಕೆಲಸ. ಕುದಿಯುವ ಹಂಡೆಗೆ ಕೈ ಅದ್ದಿ, "ಇನ್ನೂ ಕಾಯಬೇಕು" ಎನ್ನುವಂಥ ಗಟ್ಟಿಗಿತ್ತಿ. ಅವಳಿಗೆ ಒಬ್ಬಳೇ ಮಗಳು, ನೀಲವ್ವ.

ಒಂದು ಚಳಿಗಾಲ ಬೆಟ್ಟದ ಮಾಂತ್ರಿಕ ಬಿರುಕನಾಥ ಊರಿನ ಮೇಲೆ ಒಣಗಾಳಿ ಬಿಟ್ಟ. ಎಲ್ಲರ ತುಟಿ ಒಡೆಯಿತು, ಹಿಮ್ಮಡಿ ಸೀಳಿತು. ಆ ಬಿರುಕಿನೊಳಗೆ ಅವನು ಉಸಿರೂದಿದರೆ ಮನುಷ್ಯರು ಮರವಾಗುತ್ತಿದ್ದರು. ರಾಜ ಸಿಂಹಾಸನದಲ್ಲೇ ಮರವಾದ. ಪಕ್ಕದ ಮನೆಯ ಚೆನ್ನವೀರಣ್ಣ ಬಾಗಿಲಲ್ಲಿ ಆಕಳಿಸುತ್ತಲೇ ಮರವಾದ. ಸಾತವ್ವನ ಪಾದಗಳೂ ಮರವಾದವು. ಅದು ಎದೆ ಮುಟ್ಟಿದರೆ ನೀಲವ್ವನಿಗೆ ಅವ್ವನಿಲ್ಲ.

ನೀಲವ್ವ ಮದ್ದು ಹುಡುಕಿಕೊಂಡು ಕಾಡಿಗೆ ಓಡಿದಳು. ಕರಡಿ ಹೇಳಿತು, "ನಿನ್ನ ಕಂಬಳಿ ಕೊಡು, ಜೇನುಮೇಣ ಕೊಡ್ತೀನಿ." ಕೊಟ್ಟಳು, ತಂದಳು.

"ಮೊದಲು ನೀರು ಕಾಯಿಸೇ. ಸೀಗೆಪುಡಿ ಹಾಕಿ ಗಸಗಸ ತಿಕ್ಕು. ಒಲೆ ಮುಂದೆ ಕೂರಿಸಿ ಒಣಗಿಸು. ಆಮೇಲೆ ಹಚ್ಚು" ಎಂದಳು ಸಾತವ್ವ.

ಹಾಗೇ ಮಾಡಿದಳು. ಬೆಳಿಗ್ಗೆ ನೋಡಿದರೆ ಮೊಣಕಾಲವರೆಗೂ ಮರ.

ಮತ್ತೆ ಓಡಿದಳು. ಟಗರು ಅವಳ ಚಪ್ಪಲಿ ತೆಗೆದುಕೊಂಡು ಉಣ್ಣೆಯ ಜಿಡ್ಡು ಕೊಟ್ಟಿತು. ಮತ್ತೆ ಕುದಿನೀರು, ಮತ್ತೆ ಸೀಗೆಪುಡಿ. ಬೆಳಿಗ್ಗೆ ಸೊಂಟದವರೆಗೂ ಮರ, ಅಂಗೈಗಳೂ ಮರ.

"ನೀನು ಸರಿಯಾಗಿ ತಿಕ್ಕಿಲ್ಲ, ಅದಕ್ಕೇ. ನಿನ್ನ ಕೈಯಲ್ಲಿ ಕಸುವೇ ಇಲ್ಲ" ಎಂದು ಸಾತವ್ವ ಗದರಿದಳು.

ಮೂರನೆಯ ಸಲ ಬಿಳಿ ಎಮ್ಮೆ ನೀಲವ್ವನ ಉದ್ದ ಜಡೆ ಕೇಳಿತು. ಕತ್ತರಿಸಿ ಕೊಟ್ಟು ಮುಷ್ಟಿ ಬೆಣ್ಣೆ ತಂದಳು. ಆದರೆ ಮನೆಯಲ್ಲಿ ಸೌದೆ ಮುಗಿದಿತ್ತು. ಬೀದಿಯಲ್ಲಿ ಒಣಮರಕ್ಕೇನೂ ಬರವಿರಲಿಲ್ಲ. ಅದೆಲ್ಲ ಅಕ್ಕಪಕ್ಕದವರು.

ಉಗುರುಬೆಚ್ಚಗಿನ ನೀರು ಮಾತ್ರ ಉಳಿದಿತ್ತು. ಅದನ್ನೇ ಮೆಲ್ಲಗೆ ಸುರಿದಳು. ತಿಕ್ಕಲು ಮನಸ್ಸು ಬರಲಿಲ್ಲ. ಒಣಗಿಸಲು ಬೆಂಕಿಯಿರಲಿಲ್ಲ.

"ಇದೂ ಒಂದು ಸ್ನಾನವೇನೇ? ಹಸುಗೂಸೂ ನಗುತ್ತೆ!"

"ಬೈಯವ್ವ. ನಾಳೆ ಬೈಯೋಕೆ ನೀನಿರ್ತೀಯೋ ಇಲ್ವೋ" ಎಂದು ಬಿಕ್ಕುತ್ತಾ ನೀಲವ್ವ ಒದ್ದೆ ಮೈಗೇ ಬೆಣ್ಣೆ ಮೆತ್ತಿದಳು. ನೀರಿನ ಪಸೆ ಬೆಣ್ಣೆಯ ಅಡಿಯಲ್ಲಿ ಸಿಕ್ಕಿಕೊಂಡಿತು. ನೋಡನೋಡುತ್ತಲೇ ಬಿರುಕುಗಳು ತುಟಿ ಮುಚ್ಚಿದಂತೆ ಮುಚ್ಚಿಕೊಂಡವು.

ಅಷ್ಟರಲ್ಲಿ ಬಿರುಕನಾಥ ಬಂದ. ತನ್ನ ಪ್ರಾಣವನ್ನೆಲ್ಲ ಸೇರಿಸಿ ಸಾತವ್ವನ ಮೇಲೆ ಊದಿದ. ಒಳಹೋಗಲು ದಾರಿಯಿಲ್ಲದೆ ಆ ಉಸಿರು ಹಿಂದಿರುಗಿ ಅವನ ಬಾಯಿಗೇ ನುಗ್ಗಿತು. ಅವನು ನೆತ್ತಿಯಿಂದ ಹಿಮ್ಮಡಿಯವರೆಗೆ ಸೀಳಿ ಹೊಟ್ಟಾಗಿ ಹಾರಿಹೋದ.

ಊರಿಗೆ ಜೀವ ಬಂತು. ರಾಜ ಕೆಮ್ಮಿದ. ಚೆನ್ನವೀರಣ್ಣ ಆಕಳಿಕೆ ಮುಗಿಸಿದ. ವರ್ಷಗಟ್ಟಲೆ ಕುದಿನೀರಿನಲ್ಲಿ ಬೆಂದು ಬೆಂದು ಜಡ್ಡುಗಟ್ಟಿದ್ದ ಸಾತವ್ವನ ಅಂಗೈ ಎರಡು ಮಾತ್ರ ಮರವಾಗೇ ಉಳಿದವು.

ಮಾರನೆಯ ದಿನ ಬಾಣಂತಿಯೊಬ್ಬಳ ಮನೆಯಿಂದ ಕರೆ ಬಂತು. ಸಾತವ್ವ ಅಲ್ಲಿನ ಹಂಡೆಗೆ ಮರದ ಕೈ ಅದ್ದಿ ನೋಡಿದಳು.

"ನೀಲಾ, ಬಾರೇ. ನೀರು ಮುಟ್ಟಿ ನೋಡು. ನನಗೆ ಗೊತ್ತಾಗಲ್ಲ."

ನೀಲವ್ವ ಬೆರಳು ಅದ್ದಿದಳು. "ಸುಡುತ್ತೆ ಕಣವ್ವ."

"ಹಾಗಾದ್ರೆ ತಣ್ಣೀರು ಬೆರೆಸು" ಎಂದಳು ಸಾತವ್ವ.

ಆ ರಾಜ್ಯದವರೆಲ್ಲ ಅಂದಿನಿಂದ ಮೈ ಒಡೆಯದೆ ಸುಖವಾಗಿದ್ದರು.