ನಂದಿ ಎಂಬ ಮೀನು

"ಇನ್ಮೇಲೆ ನಮ್ಮನೆಗೆ ಬರಬೇಡಿ" ಎಂದುಬಿಟ್ಟಳು ಶಿವಾನಿ.

ಶಿವಮಲ್ಲು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಿಂತಿದ್ದ. ಗಾಜಿನ ತೊಟ್ಟಿಯಲ್ಲಿ ನಂದಿ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹಿಂದಿನ ದಿನ, ಭಾನುವಾರ, ಅವನೇ ನೀರು ಬದಲಿಸಿ ಹೋಗಿದ್ದ. ಸೋಮವಾರ ಸಂಜೆ ಅವಳು ಬದನಗುಪ್ಪೆಯ ಕಾರ್ಖಾನೆ ಆಫೀಸಿನಿಂದ ಮನೆಗೆ ಬಂದಾಗ ಮೀನು ಸತ್ತಿತ್ತು. ಫೋನ್ ಮಾಡಿದ ಕೂಡಲೇ ಅವನು ಗುಂಡ್ಲುಪೇಟೆಯ ತನ್ನ ಅಕ್ವೇರಿಯಂ ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಚಾಮರಾಜನಗರಕ್ಕೆ ಬಂದಿದ್ದ. ತೊಟ್ಟಿಗೆ ಕೈಯಿಳಿಸಿ, ತಳದ ಕಲ್ಲು ಮುಟ್ಟಿ, ಬೆರಳಿಗಂಟಿದ ಬಿಳಿ ಪುಡಿಯನ್ನು ಉಜ್ಜಿ ನೋಡಿದ. ಆಮೇಲೆ ದೇವರ ಮನೆ ಬಾಗಿಲಲ್ಲಿ ಕೂತಿದ್ದ ಅಜ್ಜಿ ಚಿಕ್ಕಮಲ್ಲಮ್ಮನನ್ನು ನೋಡಿದ.

"ನಂದೇ ತಪ್ಪು ಮೇಡಂ. ನೀರಿಗೆ ಔಷಧಿ ಜಾಸ್ತಿ ಹಾಕ್ಬುಟ್ಟೆ."

ಅದಕ್ಕೇ ಅವಳು ಹಾಗೆಂದದ್ದು. ಅವನು ಬೈಕ್ ಹತ್ತಿ ಹೊರಟುಹೋದ.

ಲಿಂಗ ಕಟ್ಟಿದವರ ಮನೆಗೆ ಮೀನೇ ಎಂದು ಮೊದಲು ರಂಪ ಮಾಡಿದವಳು ಅಜ್ಜಿಯೇ. ಆ ಫ್ಲವರ್‌ಹಾರ್ನ್ ಮೀನಿನ ಉಬ್ಬಿದ ಹಣೆ ಕಂಡಮೇಲೆ, "ಬಸವಣ್ಣನ ಡುಬ್ಬ ಇದ್ದಂಗದೆ ಕಣಮ್ಮಿ" ಎಂದು ನಂದಿ ಅಂತ ಹೆಸರಿಟ್ಟವಳೂ ಅವಳೇ. ಈಗ ತಮ್ಮವರಿಗೆ ಮಾಡುವಂತೆ ಬಿಲ್ವಪತ್ರೆ ಹಾಸಿ, ಕೂರಿಸಿಯೇ ಮಣ್ಣು ಮಾಡಬೇಕೆಂದು ಹಟ ಹಿಡಿದಳು.

"ಮೀನು ಕೂರಲ್ಲ ಅಜ್ಜಿ."

"ತಲೆ ಮ್ಯಾಕೆ ಮಾಡಿ ಇಡು, ಕೂತಂಗೇ ಆಯ್ತದೆ."

ಹಾಗೆಯೇ ಇಟ್ಟರು.

ಮರುದಿನ ಶಿವಾನಿ ಆಫೀಸಿಗೆ ಹೋದಳು. ಸಂಜೆ ಮನೆಗೆ ಬಂದು ಅಭ್ಯಾಸಬಲದಿಂದ ಮೀನಿನ ಕಾಳಿನ ಡಬ್ಬಿ ತೆಗೆದು, ಮತ್ತೆ ಮುಚ್ಚಿಟ್ಟಳು. ಭಾನುವಾರ ಬಂತು. ಹಿಂದೆಲ್ಲ ಪ್ರತಿ ಭಾನುವಾರ ತೊಟ್ಟಿ ತೊಳೆಯುವಾಗ ಶಿವಮಲ್ಲು ಗಾಜಿನಾಚೆ ಬಗ್ಗುತ್ತಿದ್ದ; ನೀರಿನಲ್ಲಿ ಅವನ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಅವಳು ಮೀನು ನೋಡುವವಳಂತೆ ಆ ಕಣ್ಣನ್ನೇ ನೋಡುತ್ತಿದ್ದಳು, ಅವನು ಕಲ್ಲು ಜೋಡಿಸುವವನಂತೆ ಇವಳನ್ನು. ಮಧ್ಯೆ ನಂದಿ ಅತ್ತಿತ್ತ ಓಡಾಡುತ್ತಿತ್ತು. ಈಗ ಗಾಜಿನಾಚೆ ಬರೀ ಗೋಡೆ ಕಾಣುತ್ತಿತ್ತು. ತನಗೆ ಬೇಕಾದದ್ದು ಮೀನೊಂದೇ ಅಲ್ಲವೆಂದು ಅವಳಿಗೆ ಅಂದೇ ತಿಳಿಯಿತು.

ಬುಧವಾರ ಬೆಳಿಗ್ಗೆ ಅಜ್ಜಿ ಕರೆದಳು. "ಬರ್ತಾ ಒಂದು ವಿಭೂತಿ ಗಟ್ಟಿ ತಕಬಾ ಮಗಾ."

"ಮೊನ್ನೆ ಮೊನ್ನೆ ತಾನೆ ತಂದಿದ್ನಲ್ಲಜ್ಜಿ?"

"ಅದ್ನ ನಂದಿಗೆ ಹಾಕ್ಬುಟ್ನಲ್ಲ. ಆ ಸ್ವಾಮಾರ ನೀನು ಆಫೀಸ್ಗೆ ಹೋದ್ಮೇಲೆ ಮಂಕಾಗಿತ್ತು, ದೃಷ್ಟಿ ಬಿದ್ದದೆ ಅಂತ ಇಡೀ ಗಟ್ಟಿ ಕುಟ್ಟಿ ನೀರ್ಗೆ ಬುಟ್ಟೆ. ಅಷ್ಟು ಮಾಡುದ್ರೂ ಶಿವ ಕರ್ಕಬುಟ್ಟ ನೋಡು."

ಶಿವಾನಿಗೆ ತಳದ ಬಿಳಿ ಪುಡಿ, ಉಜ್ಜಿ ನೋಡಿದ ಬೆರಳು, ಎಲ್ಲವೂ ಒಟ್ಟಿಗೆ ಅರ್ಥವಾದವು. "ತರ್ತೀನಿ ಅಜ್ಜಿ" ಎಂದಷ್ಟೇ ಹೇಳಿ, ಆಫೀಸಿಗೆ ರಜೆ ಹಾಕಿ ಗುಂಡ್ಲುಪೇಟೆ ಬಸ್ಸು ಹತ್ತಿದಳು.

ಅಂಗಡಿ ಬಾಗಿಲಲ್ಲಿ ಅವಳನ್ನು ಕಂಡೊಡನೆ ಶಿವಮಲ್ಲು ಎದ್ದುನಿಂತ. ವಿಷಯ ಏನೆಂದು ಮುಖದಲ್ಲೇ ಓದಿಕೊಂಡವನಂತೆ, "ಅಜ್ಜಿಗೆ ಹೇಳ್ಬುಟ್ರಾ?" ಎಂದ.

"ಇಲ್ಲ. ಹೇಳೋದೂ ಇಲ್ಲ."

ಅವನು ಉಸಿರು ಬಿಟ್ಟ.

"ಅವತ್ತು ತಪ್ಪು ನಿಮ್ದೇ ಅಂತ ಯಾಕ್ರೀ ಸುಳ್ಳು ಹೇಳಿ ಬೈಸ್ಕೊಂಡ್ರಿ?"

"ವಯಸ್ಸಾದ ಜೀವ, ನಾನೇ ಕೊಂದೆ ಅಂತ ಕೊರಗ್ತಾರೆ. ನೀವು ಬೈದ್ರೆ ನನ್ಗೆ ಏನಾಯ್ತದೆ? ಎರಡು ದಿನ ಊಟ ಸೇರಲ್ಲ, ಅಷ್ಟೆಯಾ."

"ಬರೀ ಎರಡು ದಿನಾನಾ?"

ಶಿವಮಲ್ಲು ಪಕ್ಕದ ತೊಟ್ಟಿಯ ಗಪ್ಪಿ ಮೀನುಗಳ ಕಡೆ ತಿರುಗಿದ. ಕಿವಿ ಕೆಂಪಗಾಗಿತ್ತು. "ಇವತ್ಗೆ ಒಂಬತ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ನಂದಿ ಸತ್ತಮೇಲೆ ಅತ್ತದ್ದು ಅದೇ ಮೊದಲು. ಅವನು ಸ್ಟೂಲೊಂದನ್ನು ಎಳೆದುಕೊಟ್ಟು, ಅಳು ಮುಗಿಯುವವರೆಗೂ ಹತ್ತಿರವೇ ನಿಂತ.

"ಬೇರೆ ಮೀನು ಕೊಡ್ಲಾ?"

"ಈಗ ಬೇಡ. ಆದ್ರೆ ನೀವು ಭಾನುವಾರ ಬನ್ನಿ."

"ತೊಟ್ಟಿ ಖಾಲಿ ಅಲ್ವಾ? ಬಂದು ಏನ್ ತೊಳೀಲಿ?"

"ತೊಳೆಯೋಕೆ ಯಾರು ಕರೆದ್ರು? ಅಪ್ಪ ಮನೇಲಿರ್ತಾರೆ."

ಅವನು ಗಾಬರಿಯಾದ. "ನಿಮ್ಮಪ್ಪಾರಿಗೆ ಏನಂತ ಹೇಳ್ಲಿ ಮೇಡಂ?"

"ಮೊದಲು ಈ ಮೇಡಂ ಬಿಡಿ. ಒಂಬತ್ತು ದಿನ ಊಟ ಸೇರಲಿಲ್ಲ ಅಂತ ಹೇಳಿ" ಎಂದಳು ಶಿವಾನಿ, ಕಣ್ಣೊರೆಸಿಕೊಳ್ಳುತ್ತಾ. "ನನಗೂ ಸೇರಿಲ್ಲ ಅಂತ ನಾನು ಹೇಳ್ತೀನಿ."