ಹದಿನಾಲ್ಕೂವರೆ ಕಿಲೋ

ಮಕ್ಕಳ ವಾರ್ಡಿನ ಆರನೇ ಹಾಸಿಗೆಯ ಹುಡುಗಿ ಬೆಳಿಗ್ಗೆ ಹತ್ತಕ್ಕೆ ತೀರಿಕೊಂಡಳು. ವಯಸ್ಸು ನಾಲ್ಕು. ಕೊಡಬೇಕಿದ್ದ ಔಷಧಿ ಎರಡೂವರೆ ಎಂ.ಎಲ್. ಮೈಗೆ ಹೋದದ್ದು ಇಪ್ಪತ್ತೈದು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಆಸ್ಪತ್ರೆ ತೀರ್ಪು ಕೊಟ್ಟಾಗಿತ್ತು. ಪ್ರಮಾಣವನ್ನು ಕಂಪ್ಯೂಟರಿಗೆ ಹಾಕಿದವಳು ಹಿರಿಯ ನರ್ಸ್. ಪರದೆಯಲ್ಲಿ ಈಗಲೂ ಇತ್ತು: ತೂಕ 14.5, ಪ್ರಮಾಣ 25. ಅದರಂತೆ ಔಷಧಿ ಕೋಣೆಯವನು ಸಿರಿಂಜ್ ತುಂಬಿಸಿದ್ದ, ಮುಂದಿನ ಪಾಳಿಯ ನರ್ಸ್ ಚುಚ್ಚಿದ್ದಳು. ಸಾಲದ್ದಕ್ಕೆ ಹಿಂದಿನ ದಿನ ಹಿರಿಯ ನರ್ಸಿಗೂ ಮಗುವಿನ ತಾಯಿಗೂ ಜಟಾಪಟಿ ಆಗಿತ್ತು. ಬೇಕಂತಲೇ ಮಾಡಿದ್ದಾಳೆ ಎಂಬ ಗುಸುಗುಸು ಎದ್ದಿತ್ತು. ಬಿದ್ದವರ ಮೇಲೆ ಆಳಿಗೊಂದು ಕಲ್ಲು.

ಹಿರಿಯ ನರ್ಸ್ ಅಳುತ್ತಿರಲಿಲ್ಲ. ಇಪ್ಪತ್ತಾರು ವರ್ಷದ ಕೆಲಸ. ಮುಂದೆ ಕಾದಿದ್ದು ಜೈಲು.

"ಎರಡೂವರೆ ಅಂತಲೇ ಒತ್ತಿದೀನಿ ಮೇಡಂ. ಚುಕ್ಕಿ ಬಿಟ್ಟಿಲ್ಲ."

"ಪರದೆ ನೋಡಿದ್ರಾ?" ಇನ್ಸ್‌ಪೆಕ್ಟರ್ ಕೇಳಿದಳು.

"ಕಣ್ಣು ಡಾಕ್ಟರ ಚೀಟಿ ಮೇಲಿರತ್ತೆ. ತೂಕಕ್ಕೆ ಮೀರಿ ಹಾಕಿದ್ರೆ ಪರದೆ ಕೆಂಪಾಗಿ ಕೂಗತ್ತೆ. ಕೂಗಲಿಲ್ಲ."

* * *

ಇನ್ಸ್‌ಪೆಕ್ಟರ್ ತಾನೇ ಕೂತು ಒತ್ತಿದಳು. ತೂಕ 14.5. ಪ್ರಮಾಣ 25. ಪರದೆ ಕೆಂಪಾಯಿತು. ಮೂರು ಸಲ ಒತ್ತಿದರೂ ಸುತಾರಾಂ ಒಪ್ಪಲಿಲ್ಲ.

ಹಾಗಾದರೆ ನರ್ಸ್ ಹಾಕಿದ್ದನ್ನು ಹೇಗೆ ಒಪ್ಪಿತು?

ಪ್ರೋಗ್ರಾಂ ಬರೆದವನನ್ನು ಕರೆಸಿದಳು. ಎಲ್ಲರಿಗೂ ಕಂಪ್ಯೂಟರ್ ಕಲಿಸಿ 'ಮೇಷ್ಟ್ರು' ಎನಿಸಿಕೊಂಡವನು. ಹಿಂದಿನ ಸಂಜೆಯಷ್ಟೇ ಹೊಸ ಪ್ರೋಗ್ರಾಂ ಹಾಕಿದ್ದೆ, ಎಲ್ಲ ಸರಿಯಿದೆ, ನರ್ಸ್ ಏನೋ ಮಾಡಿ ದಾಟಿಸಿರಬೇಕು ಎಂದ. ಹೇಗೆಂದು ತೋರಿಸಿ ಎಂದರೆ, ಅವಳನ್ನೇ ಕೇಳಿ ಎಂದ.

ಔಷಧಿ ಕೋಣೆಯ ಕಸದ ಬುಟ್ಟಿಯಲ್ಲಿ ಆ ಮಗುವಿನ ಹೆಸರಲ್ಲಿ ಬೆಳಿಗ್ಗೆ ಕಂಪ್ಯೂಟರಿನಿಂದ ಅಚ್ಚಾಗಿ ಬಂದ ಚೀಟಿ ಸಿಕ್ಕಿತು. ಪ್ರಮಾಣ 25. ತೂಕ 145.

ನಾಲ್ಕು ವರ್ಷದ ಮಗು, ನೂರ ನಲವತ್ತೈದು ಕಿಲೋ. ಕೆಂಪಾಗದೆ ಬಂದದ್ದನ್ನು ತುಂಬಿಸಿದೆ, ತೂಕ ನೋಡಲಿಲ್ಲ ಎಂದು ಔಷಧಿ ಕೋಣೆಯವನು ತಲೆ ತಗ್ಗಿಸಿದ.

* * *

ವಾರ್ಡಿನ ಇನ್ನೊಂದು ಕಂಪ್ಯೂಟರ್ ಮೌಸ್ ಕೆಟ್ಟು ಬೆಳಿಗ್ಗೆ ಒಂಬತ್ತಕ್ಕೇ ಉಗ್ರಾಣ ಸೇರಿತ್ತು. ಇನ್ಸ್‌ಪೆಕ್ಟರ್ ಮೇಷ್ಟ್ರನ್ನೂ ನರ್ಸನ್ನೂ ಅಲ್ಲಿಗೆ ಕರೆದೊಯ್ದಳು. 14.5 ಎಂದು ಒತ್ತಿ ಮುಂದಿನ ಖಾನೆಗೆ ಹೋದಳು. ಹಿಂದಿನದು 145 ಆಯಿತು. 2.5 ಒತ್ತಿದಳು. 25 ಆಯಿತು. ಕೆಂಪಾಗಲಿಲ್ಲ.

"ಇದರ ಪ್ರೋಗ್ರಾಂ ತೆಗೆಸಿ ನೋಡಿದೆ. ಫೋನ್ ನಂಬರಿಗೆ ಅಂತ ಒಂದು ತಪಾಸಣೆ ಬರೆದ್ರಿ," ಎಂದಳು. "ಅಂಕಿ ಬಿಟ್ಟು ಮಿಕ್ಕಿದ್ದೆಲ್ಲ ಸದ್ದಿಲ್ಲದೆ ಅಳಿಸೋದು. ಅಂಕಿ ತುಂಬೋ ಖಾನೆಗಳಿಗೆಲ್ಲ ಅದನ್ನೇ ಅಂಟಿಸಿದ್ರಿ. ಹಿಟ್ಟಿಗೂ ಕಾಳಿಗೂ ಒಂದೇ ಜರಡಿ."

ತೂಕವೂ ಹತ್ತು ಪಟ್ಟು, ಔಷಧಿಯೂ ಹತ್ತು ಪಟ್ಟು. ಲೆಕ್ಕ ತಾಳೆಯಾಗಿ ಕಾವಲು ಮಲಗಿತ್ತು. ಆ ಬೆಳಿಗ್ಗೆ ಉಳಿದ ಮಕ್ಕಳ ಪ್ರಮಾಣದಲ್ಲಿ ಚುಕ್ಕಿ ಇರಲಿಲ್ಲ, ಅವರ ಪುಣ್ಯ.

"ಒಂದೇ ತಪಾಸಣೆನ ಎಲ್ಲ ಕಡೆ ಬಳಸೋದು ಒಳ್ಳೇ ಪದ್ಧತಿ ಮೇಡಂ," ಮೇಷ್ಟ್ರು ತೊದಲಿದ. "ಎಲ್ಲರೂ ಮಾಡ್ತಾರೆ."

"ಅದಕ್ಕೆ ನಿಮ್ಮನ್ನ ಹಿಡೀತಿಲ್ಲ. ಮಗು ಸತ್ತಿದ್ದು ಹತ್ತಕ್ಕೆ. ವಾರ್ಡಿನ ಕಂಪ್ಯೂಟರಿಗೆ ತಿದ್ದಿದ ಪ್ರೋಗ್ರಾಂ ಬಿದ್ದಿದ್ದು ಹತ್ತು ನಲವತ್ತಕ್ಕೆ, ಅದರಲ್ಲೇ ದಾಖಲಾಗಿದೆ. ದಾಖಲೆಯಲ್ಲಿ ತೂಕ ಮಾತ್ರ ಸರಿ ಮಾಡಿದ್ರಿ. 145 ಇದ್ದಿದ್ರೆ ಪ್ರೋಗ್ರಾಂ ಸಿಕ್ಕಿಬೀಳ್ತಿತ್ತು. 25ನ ಹಾಗೇ ಬಿಟ್ರಿ, ಇವರ ಕುತ್ತಿಗೆಗೆ ಅಂತ. ಆದ್ರೆ ತಿದ್ದಿದ ಪ್ರೋಗ್ರಾಮೇ ಆ ಜೋಡಿನ ಒಪ್ಪಲ್ಲ."

ಪ್ರೋಗ್ರಾಂ ತಿದ್ದುವಾಗ ಮೇಷ್ಟ್ರು ಉಗ್ರಾಣದ ಮೂಲೆಗೆ ತಳ್ಳಿದ ಈ ಕಂಪ್ಯೂಟರನ್ನು ಮರೆತಿದ್ದ; ಇದರಲ್ಲಿ ಹಿಂದಿನ ಸಂಜೆಯದೇ ಉಳಿದಿತ್ತು. ಪೇದೆ ಅವನನ್ನು ಕರೆದುಕೊಂಡು ಹೋದ.

ಇನ್ನು ನೀವು ಮನೆಗೆ ಹೋಗಬಹುದು ಎಂದು ಇನ್ಸ್‌ಪೆಕ್ಟರ್ ಹೇಳಿದಳು. ನರ್ಸ್ ಕದಲಲಿಲ್ಲ. ಅವಳ ಕಣ್ಣು ಪರದೆಯ ಮೇಲಿನ 25ರಲ್ಲೇ ನೆಟ್ಟಿತ್ತು.

"ಡಾಕ್ಟರ ಚೀಟಿಯಿಂದ ಒಂದ್ಸಲ ತಲೆ ಎತ್ತಿದ್ರೆ ಮಗು ಉಳೀತಿತ್ತು. ಅಲ್ವಾ ಮೇಡಂ?"

ಸುಳ್ಳು ಹೇಳಬೇಕೆಂದು ಇನ್ಸ್‌ಪೆಕ್ಟರಿಗೆ ತುಂಬಾ ಅನಿಸಿತು.

"ಹೌದು," ಎಂದಳು.

ಬೆಳಗಿನಿಂದ ಅಳದವಳು ಆಗ ಅತ್ತಳು.