ಕೈ ಎತ್ತಿದರೆ ಗಟ್ಟಿಮೇಳ

ಸಂಧ್ಯಾರಾಣಿ ಕೈ ಎತ್ತಿದಳು. ಅವಳು ಕೈ ಎತ್ತಿದರೆ ನಾವೆಲ್ಲ ನುಡಿಸುವುದನ್ನು ನಿಲ್ಲಿಸಬೇಕು, ಆ ಮೌನದಲ್ಲಿ ಅವಳೊಬ್ಬಳೇ ಹಾಡಬೇಕು. ಎಲ್ಲರೂ ನಿಲ್ಲಿಸಿದೆವು. ಹೊಸ ಡ್ರಮ್ಮರ್ ಕೆಂಚೇಶ್ ಮಾತ್ರ ಮೈದುಂಬಿ ಗಟ್ಟಿಮೇಳ ಬಾರಿಸಿಬಿಟ್ಟ.

ನಾವು ಪ್ರಾಕ್ಟೀಸ್ ಮಾಡುತ್ತಿದ್ದದ್ದು ನ್ಯಾಮತಿಯ ಕಲ್ಯಾಣಮಂಟಪದಲ್ಲಿ. ಕಸ ಗುಡಿಸುತ್ತಿದ್ದ ಕಲ್ಲಮ್ಮ, ತಾಳಿ ಕಟ್ಟುವವರು ಯಾರು ಅಂತ ಪೊರಕೆ ಹಿಡಿದೇ ತಿರುಗಿ ನೋಡಿದಳು.

ನಾನು ದುರ್ಗಾಂಬಿಕಾ, ಜಗಳೂರಿನವಳು. ಸಂಧ್ಯಾರಾಣಿ–ಅರುಣ್ ಜೋಡಿಯ ಪಾಪ್ ಹಾಡುಗಳಿಗೆ ಮೂರು ವರ್ಷದಿಂದ ಹಿಂದೆ ನಿಂತು ಬೇಸ್ ಗಿಟಾರ್ ನುಡಿಸುತ್ತೇನೆ. ಹಿಂದೆ ನಿಂತರೂ ತಲೆ ತಗ್ಗಿಸಿ ನಿಂತವಳಲ್ಲ. ಜಂಭದವಳು ಅನ್ನುತ್ತಾರೆ, ಅನ್ನಲಿ. ಗೆಳತಿಯ ಮದುವೆಯಲ್ಲಿ ಕೆಂಚೇಶ್ ಬಾರಿಸಿದ್ದನ್ನು ಕೇಳಿ, ಅವನನ್ನು ಬ್ಯಾಂಡಿಗೆ ಕರೆತಂದವಳು ನಾನೇ.

"ಮೂರನೇ ಸಲ ಇದು," ಎಂದ ಅರುಣ್. "ಸಂಜೆ ಹೊನ್ನಾಳಿಯಲ್ಲಿ ಶೋ ಇದೆ. ಡ್ರಮ್ಸ್ ಬೇಡ, ಲ್ಯಾಪ್‌ಟಾಪ್‌ನಿಂದ ಟ್ರ್ಯಾಕ್ ಹಾಕೋಣ."

ಕೆಂಚೇಶ್ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡ. ನನಗೆ ಮೈ ಉರಿಯಿತು.

"ಅವರಿಲ್ಲ ಅಂದ್ರೆ ನಾನೂ ಇಲ್ಲ," ಎಂದೆ.

ಅರುಣ್ ನನ್ನನ್ನೇ ನೋಡಿದ. "ಸರಿ. ಸಂಜೆ ತಪ್ಪಿದರೆ ಇಬ್ಬರೂ ಬ್ಯಾಂಡಿನಿಂದ ಹೊರಗೆ."

ಹೊರಗೆ ಚಹಾ ಕುಡಿಯುವಾಗ ಕೆಂಚೇಶನಿಗೆ ಸಿಟ್ಟು ಬಂದಿತ್ತು. "ನನ್ನ ಪರವಾಗಿ ನೀವ್ಯಾಕ್ರೀ ಬೇಡ್ಕೊಂಡ್ರಿ?"

"ಬೇಡ್ಕೊಳ್ಳಾಕೆ ನಂಗೆ ಬರಲ್ಲ. ಹೇಳ್ದೆ ಅಷ್ಟೆ."

ಅವನು ಲೋಟ ನೋಡುತ್ತ ನಕ್ಕ. "ಹದಿನೈದು ವರ್ಷದಿಂದ ಮದುವೆ ಬ್ಯಾಂಡಲ್ಲಿ ಬಾರಿಸ್ತಿದೀನಿ. ಪುರೋಹಿತರ ಕೈ ಮ್ಯಾಲೆ ಹೋತು ಅಂದ್ರೆ ನನ್ನ ಕೈ ನಿಲ್ಲಾಕಿಲ್ಲ. ರೂಢಿ ಐತೆ, ಹೆಂಗೆ ಬಿಡ್ಲಿ?"

"ಅವಳ ಕೈ ನೋಡಬ್ಯಾಡ್ರಿ. ನನ್ನ ನೋಡ್ರಿ. ನಾನು ಕಣ್ಣು ಮುಚ್ಚಿದ ಕೂಡ್ಲೆ ನಿಲ್ಲಿಸ್ರಿ."

"ಹಾಡು ಪೂರ್ತಿ ನಿಮ್ಮನ್ನೇ ನೋಡ್ಬೇಕಾ?"

"ಕಷ್ಟ ಆಗ್ತೈತಾ?"

"ಆಮ್ಯಾಲೆ ಬೇರೆ ಕಡೆ ನೋಡಾಕೆ ಕಷ್ಟ ಆಗ್ತೈತೆ," ಎಂದ.

ನಾನು ಲೋಟ ತುಟಿಗಿಟ್ಟೆ. ಲೋಟದಲ್ಲಿ ಏನೂ ಉಳಿದಿಲ್ಲದಿದ್ದರೂ ಕುಡಿಯುತ್ತಲೇ ಇದ್ದೆ.

"ಊರ ಮಂದಿ ಮದುವೆಗೆಲ್ಲ ಬಾರಿಸ್ದೆ," ಅವನು ಮೆಲ್ಲಗೆ ಹೇಳಿದ. "ನನ್ನ ಮದುವೆಗೆ ಯಾರು ಬಾರಿಸ್ತಾರೋ!"

"ಮೊದ್ಲು ಹುಡುಗಿ ಹುಡುಕ್ರಿ."

"ಹುಡುಕೋದೇನೋ ಮುಗೀತು. ಕೇಳಾಕೆ ಧೈರ್ಯ ಇಲ್ಲ."

ಸಂಜೆ ಹೊನ್ನಾಳಿಯ ಮೈದಾನ ತುಂಬಿತ್ತು. ಅರ್ಧ ಜನರ ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಆ ಹಾಡು ಶುರುವಾಯಿತು. ಕೆಂಚೇಶ್ ನಾನು ಹೇಳಿದಂತೆಯೇ ನನ್ನನ್ನು ನೋಡುತ್ತಿದ್ದ. ಒಮ್ಮೆ ಹುಬ್ಬು ಹಾರಿಸಿದ. ನಾನು ಗದರುವ ಮುಖ ಮಾಡಿದೆ. ಆದರೂ ತುಟಿ ನನ್ನ ಮಾತು ಕೇಳಲಿಲ್ಲ.

ಸಂಧ್ಯಾರಾಣಿಯ ಕೈ ಮೇಲೇರಿತು. ನಾನು ಕಣ್ಣು ಮುಚ್ಚಿದೆ.

ಒಂದು ಸದ್ದೂ ಇಲ್ಲ. ಇಡೀ ಮೈದಾನ ಉಸಿರು ಬಿಗಿಹಿಡಿದಿತ್ತು. ಅವಳ ದನಿ ಒಂಟಿಯಾಗಿ ಮೇಲೆದ್ದು, ನಿಧಾನವಾಗಿ ಇಳಿಯಿತು. ನಾನು ಕಣ್ಣು ತೆರೆದಾಗ ಅವನು ಕೋಲುಗಳನ್ನು ಎದೆಗೊತ್ತಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣು ಒದ್ದೆಯಾಗಿತ್ತು. ನನ್ನ ಮನುಷ್ಯ ಇವನು ಅಂತ ಎಷ್ಟು ಹೆಮ್ಮೆಯಾಯಿತೆಂದರೆ, ಮರುಕ್ಷಣ ನುಡಿಸಬೇಕಾದ ಸ್ವರವನ್ನು ನಾನೇ ತಪ್ಪಿದೆ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಅರುಣ್ ಮೈಕ್ ಹಿಡಿದು, ಎಂದೂ ಮಾಡದ ಕೆಲಸ ಮಾಡಿದ. ನಮ್ಮನ್ನು ಮುಂದೆ ಕರೆದು ಹೆಸರು ಹೇಳಿದ. "ಬೇಸ್, ಜಗಳೂರಿನ ದುರ್ಗಾಂಬಿಕಾ! ಡ್ರಮ್ಸ್, ನಿಮ್ಮ ಪಕ್ಕದ ನ್ಯಾಮತಿಯ ಕೆಂಚೇಶ್! ನಮ್ಮ ಬ್ಯಾಂಡಿನವರು!"

ಜನ ಕೂಗಿದರು. ಕೆಂಚೇಶ್ ಮಾತ್ರ ಡ್ರಮ್ಸ್ ಬಿಟ್ಟು ಏಳಲಿಲ್ಲ, ನಾಚಿಕೊಂಡು ಕೂತೇ ಇದ್ದ. ಇವನ ಧೈರ್ಯಕ್ಕೆ ಕಾಯುತ್ತ ಕೂತರೆ ನಾನು ಮುದುಕಿಯಾಗುತ್ತೇನೆ ಅನ್ನಿಸಿತು.

ಅವನ ಕಡೆ ತಿರುಗಿದೆ. ಎಲ್ಲರಿಗೂ ಕಾಣುವಂತೆ ಕೈ ಎತ್ತಿದೆ.

ಅವನಿಗೆ ನಂಬಿಕೆ ಬರಲಿಲ್ಲ. ನಾನು ಕಣ್ಣು ಮುಚ್ಚುವೆನೇನೋ ಅಂತ ಕಾದ. ನಾನು ರೆಪ್ಪೆ ಕೂಡ ಬಡಿಯಲಿಲ್ಲ.

ಗಟ್ಟಿಮೇಳ ಮೊಳಗಿತು. ಮುಂದಿನ ಸಾಲಿನ ಹೆಂಗಸರು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಅವರ ಕೈಗಳೂ ರೂಢಿ ಬಿಡಲಿಲ್ಲ. ಅಕ್ಷತೆಯ ಹಾಗೆ ಮಂಡಕ್ಕಿ ಎರಚಿಯೇಬಿಟ್ಟರು. ನನ್ನ ತಲೆ, ಗಿಟಾರ್, ಡ್ರಮ್ಸ್ ಎಲ್ಲ ಮಂಡಕ್ಕಿ.

"ಈ ಸಲ ತಪ್ಪಿಲ್ಲ ತಾನೇ?" ಬಾರಿಸುತ್ತಲೇ ಕೂಗಿ ಕೇಳಿದ ಕೆಂಚೇಶ್.

"ಸುಮ್ನೆ ಬಾರಿಸ್ರೀ," ಎಂದೆ. "ಕೈ ಇನ್ನೂ ಇಳಿಸಿಲ್ಲ."